ಬೇಸಿಗೆ ರಜೆಗೆ ಹೊಲದ ಶಿಬಿರ: ಏಳು ದಿನ ನಡೆಸುವುದು ಹೇಗೆ?

ಕೃಷಿ ಬಿಎಸ್ಸಿ ಓದುವಾಗ ಒಂದು ಬೇಸಿಗೆ ಪೂರ್ತಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳ ಶಿಬಿರ ನಡೆಸಿದ್ದೆ. ಮೊದಲ ಊರಿನಲ್ಲಿ ಪ್ರೊಜೆಕ್ಟರ್ ಹಾಕಿ ಮಣ್ಣಿನ ಪಾಠ ಶುರು ಮಾಡಿದೆ. ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು, ಮಕ್ಕಳು ಹುಣಸೆ ಮರದ ಕಡೆ ಓಡಿದರು. ಜಗಲಿ ಮೇಲೆ ಕೂತಿದ್ದ ಅಜ್ಜಿಯೊಬ್ಬರು, "ಹೊಲದ ಮಕ್ಕಳಿಗೆ ಹೊಲ ಕಲಿಸೋಕೆ ಬಂದಿದ್ದೀಯೇನವ್ವ?" ಎಂದು ನಕ್ಕರು. ಮಾತು ಸರಿಯೇ. ಕಳೆ ಕೀಳೋದು, ದನ ಮೇಯಿಸೋದು ಆ ಮಕ್ಕಳಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಎಣಿಸೋದು, ಅಳೆಯೋದು. ಶಿಬಿರಕ್ಕೆ ಅದನ್ನೇ ಇಟ್ಟುಕೊಳ್ಳಿ.

ಜಾಗ ಮತ್ತು ಹೊತ್ತು

ಮುಖ್ಯ ಶಿಕ್ಷಕರನ್ನು ಕೇಳಿ ಶಾಲೆಯ ಜಗಲಿ ಗೊತ್ತು ಮಾಡಿಕೊಳ್ಳಿ. ಅಪ್ಪ ಅಮ್ಮನ ಒಪ್ಪಿಗೆ ಬೇಕೇ ಬೇಕು. 25 ಮಕ್ಕಳಿಗಿಂತ ಜಾಸ್ತಿ ಬೇಡ. ಬೆಳಿಗ್ಗೆ ಆರೂವರೆಗೆ ಶುರು, ಹತ್ತಕ್ಕೆ ಮುಗಿಸಿ. ಏಪ್ರಿಲ್ ಬಿಸಿಲಿನ ಜೊತೆ ಜಗಳ ಬೇಡ. ನಡುವೆ ಒಂದು ಲೋಟ ನೀರುಮಜ್ಜಿಗೆ. ಔಷಧಿ ಡಬ್ಬ ಮುಟ್ಟಬಾರದು, ಬಣವೆಗೆ ಕೈ ಹಾಕಬಾರದು ಎಂದು ಮೊದಲ ದಿನವೇ ಹೇಳಿಬಿಡಿ.

ಒಂದನೇ ದಿನ: ನೂರು ಕಾಳು

ಮನೆಯ ಬೀಜ ನೂರಕ್ಕೆ ಎಷ್ಟು ಮೊಳೆಯುತ್ತದೆ ಎಂದು ನೋಡುವ ಆಟ ಇದು. ಪ್ರತಿ ಮಗುವೂ ಮನೆಯಲ್ಲಿ ಬಿತ್ತನೆಗೆ ಇಟ್ಟ ತೊಗರಿಯಲ್ಲಿ ಒಂದು ಹಿಡಿ ತರಲಿ. ಅಂಗಡಿಯಿಂದ ತಂದ, ಔಷಧಿ ಬಳಿದ ಬಣ್ಣದ ಬೀಜ ಬೇಡ. ಆರಿಸದೆ ನೂರು ಕಾಳು ಎಣಿಸಬೇಕು. ಇಲ್ಲೇ ಮಕ್ಕಳು ಜಾಣತನ ತೋರಿಸುತ್ತಾರೆ, ದಪ್ಪ ಕಾಳು ಮಾತ್ರ ಹೆಕ್ಕುತ್ತಾರೆ! ಒದ್ದೆ ಗೋಣಿ ತುಂಡಿನ ಮೇಲೆ ಹತ್ತರಂತೆ ಹತ್ತು ಸಾಲು ಜೋಡಿಸಿ, ಸುರುಳಿ ಸುತ್ತಿ, ಸಡಿಲವಾಗಿ ಕಟ್ಟಿ ನೆರಳಲ್ಲಿ ಇಡಿ. ದಿನಾ ನೀರು ಚಿಮುಕಿಸುವ ಕೆಲಸ ಅವರದೇ. ನೀರಲ್ಲಿ ಮುಳುಗಿಸಿಟ್ಟರೆ ಕಾಳು ಕೊಳೆಯುತ್ತದೆ.

ಮೂರನೇ ದಿನ: ಮಣ್ಣು

ಪರೀಕ್ಷೆಗೆ ಕಳಿಸುವ ಮಣ್ಣು ತೆಗೆಯಲು ಒಂದು ಎಕರೆಯಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಗುರುತು ಹಾಕಿಸಿ. ಬದು, ಮರದ ಬುಡ, ತಿಪ್ಪೆ ಪಕ್ಕ ಬಿಡಿ. ನೆರಳಿದೆ ಅಂತ ನಮ್ಮ ಒಂದು ಗುಂಪು ಹೊಂಗೆ ಮರದಡಿಯಲ್ಲೇ ಅಷ್ಟೂ ಮಣ್ಣು ತೋಡಿಕೊಂಡು ಬಂದಿತ್ತು, ವಾಪಸ್ ಕಳಿಸಿದೆ. ಮೇಲಿನ ಕಸ ಸರಿಸಿ, ಅರ್ಧ ಅಡಿ ಆಳಕ್ಕೆ ಇಂಗ್ಲಿಷಿನ 'ವಿ' ಅಕ್ಷರದಂತೆ ಗುಂಡಿ ತೆಗೆದು, ಅದರ ಪಕ್ಕದಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಇಂಚು ದಪ್ಪ ಮಣ್ಣು ಕೆರೆದು ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ. ಎಲ್ಲವನ್ನೂ ಬೆರೆಸಿ, ರೊಟ್ಟಿಯಂತೆ ಹರಡಿ, ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಚೆಲ್ಲಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ. ಹಳೇ ಗೊಬ್ಬರದ ಚೀಲ ಬಳಸಿದರೆ ಪರೀಕ್ಷೆಯೇ ದಂಡ.

ಮಳೆ ಬಂದರೆ

ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುತ್ತದೆ. ನೇರ ಗೋಡೆಯ ಡಬ್ಬವೊಂದನ್ನು ಬಯಲಲ್ಲಿ ಇಟ್ಟಿರಿ. ಬೆಳಿಗ್ಗೆ ಸ್ಕೇಲ್‌ನಲ್ಲಿ ನೀರು ಅಳೆಯಲಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಎಕರೆಗೆ ಸುಮಾರು 4,000 ಲೀಟರ್. ಹಾಗಾದರೆ 10 ಮಿಲಿಮೀಟರ್ ಮಳೆಗೆ 5,000 ಲೀಟರಿನ ಟ್ಯಾಂಕರ್ ಎಂಟು! ಟ್ಯಾಂಕರಿಗೆ ಕೊಡ ಹಿಡಿದು ನಿಂತ ಮಕ್ಕಳಿಗೆ ಈ ಲೆಕ್ಕ ಹೇಗೆ ಹಿಡಿಸಿತೆಂದರೆ, ಊರಿನ ಎಲ್ಲರ ಹೊಲಕ್ಕೂ ಟ್ಯಾಂಕರ್ ಎಣಿಸಿದರು.

ಏಳನೇ ದಿನ: ಸುರುಳಿ ಬಿಚ್ಚಿ

ಮನೆಯವರನ್ನೂ ಕರೆಯಿರಿ. ಬೇರು, ಕುಡಿ ಎರಡೂ ನೆಟ್ಟಗಿರುವ ಮೊಳಕೆ ಮಾತ್ರ ಲೆಕ್ಕಕ್ಕೆ. ಪ್ರಮಾಣಿತ, ಅಂದರೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಟ್ಟ ತೊಗರಿ ಬೀಜದಲ್ಲಿ ನೂರಕ್ಕೆ ಕನಿಷ್ಠ 75 ಮೊಳೆಯಬೇಕೆಂಬ ನಿಯಮವಿದೆ. ಒಬ್ಬ ಹುಡುಗಿಯದು 58 ಬಂತು. ಕಾಳು ಒಡೆದು ನೋಡಿದರೆ ಹುಳ ಕೊರೆದ ತೂತು. ಅವಳ ಮುಖ ಸಣ್ಣದಾಯಿತು. ಪಕ್ಕದವನದು 86. ಅವನು ಆ ಜಗಲಿ ಅಜ್ಜಿಯ ಮೊಮ್ಮಗ.

"ನಮ್ಮದಕ್ಕೆ ಕೆಮ್ಮಣ್ಣು ಕಟ್ಟಿದ್ದೆ ಕಣವ್ವ," ಎಂದರು ಅಜ್ಜಿ. ಕೆಮ್ಮಣ್ಣನ್ನು ನೀರಲ್ಲಿ ಕಲಸಿ, ಕಾಳಿಗೆ ಬಳಿದು, ಚೆನ್ನಾಗಿ ಒಣಗಿಸಿ ಇಟ್ಟರೆ ಹುಳ ಬೀಳುವುದು ಕಡಿಮೆ. ಉಳಿದ ಒಂದು ಗಂಟೆ ಪಾಠ ಅವರೇ ಮಾಡಿದರು, ನಾನು ನೀರು ಹೊತ್ತೆ.

ಮಣ್ಣಿನ ಚೀಲಗಳನ್ನು ಅಂದೇ ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ತಲುಪಿಸಿ. ಒಳಗಿಡುವ ಚೀಟಿಯಲ್ಲಿ ರೈತರ ಹೆಸರು, ಊರು, ಸರ್ವೆ ನಂಬರ್, ಬಿತ್ತಲಿರುವ ಬೆಳೆ ಇರಲಿ. ಪೆನ್ಸಿಲಿನಲ್ಲೇ ಬರೆಸಿ, ಪೆನ್ನಿನ ಇಂಕು ತೇವಕ್ಕೆ ಅಳಿಸಿಹೋಗುತ್ತದೆ.