ಹೊಸ ಇಂಗ್ಲಿಷ್ ಪದ ವಾಕ್ಯಕ್ಕೆ ಇಳಿಯುವವರೆಗೆ

ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ ಬರೆದ ಪಟ್ಟಿ ಉರು ಹೊಡೆದರೆ ಪರೀಕ್ಷೆ ಪಾಸಾಗಬಹುದು, ಮಾತು ಬರುವುದಿಲ್ಲ. ಅರ್ಥ ಗೊತ್ತಿದ್ದೂ ಬಾಯಿ ಕಟ್ಟುವುದು ಆ ಪದದ ಹಿಂದೆ ಮುಂದೆ ಏನು ಬರಬೇಕೆಂದು ತಿಳಿಯದಿದ್ದಾಗ. ಹಾಗಾಗಿ ನಾನು ಪದವನ್ನು ಅದರ ಅಕ್ಕಪಕ್ಕದವರ ಸಮೇತ ಕಲಿಯುತ್ತೇನೆ.

ದಿನಕ್ಕೆ ಐದು ಪದ ಧಾರಾಳವಾಯಿತು. ಅವನ್ನು ಓದುತ್ತಿರುವ ಬರಹದಿಂದಲೇ ಆರಿಸಬೇಕು. ನೂರು ಪದಕ್ಕೆ ಎರಡು ಮೂರು ಗೊತ್ತಿಲ್ಲದಿದ್ದರೆ ಆ ಬರಹ ನಿಮ್ಮ ಮಟ್ಟದ್ದು. ಹತ್ತಾದರೆ ಅದು ಓದಲ್ಲ, ನಿಘಂಟು ತಿರುವುವ ಕೂಲಿ. ಮೊದಲ ಸಲ ಕಂಡ ಪದಕ್ಕೆ ಅಡಿಗೆರೆ ಎಳೆದು ಮುಂದೆ ಹೋಗುತ್ತೇನೆ. ಬೇರೊಂದು ಕಡೆ ಮತ್ತೆ ಸಿಕ್ಕರೆ ಮಾತ್ರ ಅದಕ್ಕೊಂದು ಕಾರ್ಡ್, ಅಂದರೆ ಎರಡೂ ಬದಿ ಬರೆದುಕೊಳ್ಳುವ ಚಿಕ್ಕ ಚೀಟಿ. ಇದಕ್ಕೆ ಒಂದು ಅಪವಾದವಿದೆ. ಢಾಕಾದಲ್ಲಿ ಅಧ್ಯಾಪಕರಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಹೆಚ್ಚು ಬಳಕೆಯ ಸುಮಾರು 2000 ಇಂಗ್ಲಿಷ್ ಪದಗಳ ಪಟ್ಟಿ ‘ಜನರಲ್ ಸರ್ವಿಸ್ ಲಿಸ್ಟ್’ ಹೊರತಂದರು. ಅದರಲ್ಲಿರುವ ಪದ ಗೊತ್ತಿಲ್ಲದಿದ್ದರೆ ಎರಡನೇ ಸಲಕ್ಕೆ ಕಾಯಬೇಡಿ.

ನಿಘಂಟು ಕಲಿಯುವವರಿಗೆಂದೇ ಮಾಡಿದ್ದಾಗಿರಲಿ. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೂ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅರ್ಥಕ್ಕಿಂತ ಮೊದಲು ಪಕ್ಕದ ಗುರುತು ನೋಡಿ. ‘ಯು’ ಅಥವಾ ‘ಅನ್‌ಕೌಂಟಬಲ್’ ಎಂದಿದ್ದರೆ ಅದು ಎಣಿಕೆಗೆ ಸಿಗದ ನಾಮಪದ. ಅಡ್ವೈಸ್, ಫರ್ನಿಚರ್, ಇನ್ಫರ್ಮೇಶನ್ ಎಲ್ಲ ಈ ಜಾತಿಯವು. ಅವಕ್ಕೆ ಹಿಂದೆ ‘ಎ’, ‘ಆ್ಯನ್’ ಇಲ್ಲ, ಕೊನೆಗೆ ‘ಎಸ್’ ಇಲ್ಲ. ಒಂದು ಎನ್ನಲೇಬೇಕಾದರೆ ‘ಎ ಪೀಸ್ ಆಫ್ ಅಡ್ವೈಸ್’.

‘ರಿಲಕ್ಟಂಟ್’ ಎಂಬ ಪದದ ಕಾರ್ಡ್ ತೆಗೆದುಕೊಳ್ಳಿ. ಮುಂದುಗಡೆ ಪದ ಬರೆಯುವುದಿಲ್ಲ, ಖಾಲಿ ಜಾಗವಿರುವ ವಾಕ್ಯ ಬರೆಯುತ್ತೇನೆ: ‘ದ ಬ್ಯಾಂಕ್ ವಾಸ್ ____ ಟು ಲೆಂಡ್ ಮನಿ ವಿದೌಟ್ ಸೆಕ್ಯುರಿಟಿ’. ಹಿಂದುಗಡೆ ಪದ, ಒತ್ತು ಎರಡನೇ ಉಚ್ಚಾರಾಂಶದ ಮೇಲೆ ಎಂಬ ಗುರುತು, ‘ಟು’ ಜೊತೆ ಕ್ರಿಯಾಪದ ಎಂಬ ವಿನ್ಯಾಸ, ಮತ್ತು ಚುಟುಕಾಗಿ ಕನ್ನಡ: ಒಲ್ಲದ ಮನಸ್ಸಿನ. ‘ಅನ್‌ವಿಲ್ಲಿಂಗ್’ ಎಂದರೆ ಮಾಡಲು ತಯಾರಿಲ್ಲ. ‘ರಿಲಕ್ಟಂಟ್’ ಆದವನು ಗೊಣಗುತ್ತಲೇ ಒಪ್ಪಿದರೂ ಒಪ್ಪಿಯಾನು. ಈ ವ್ಯತ್ಯಾಸವೂ ಒಂದು ಸಾಲಿನಲ್ಲಿ ಅಲ್ಲೇ ಇರಲಿ.

ಆಮೇಲೆ ಮೂರು ಸ್ವಂತ ವಾಕ್ಯ. ಮೊದಲನೆಯದರಲ್ಲಿ ನಿಘಂಟಿನ ವಾಕ್ಯವನ್ನೇ ಇಟ್ಟುಕೊಂಡು ವ್ಯಕ್ತಿ, ವಸ್ತು ಮಾತ್ರ ಬದಲು. ಎರಡನೆಯದರಲ್ಲಿ ಕಾಲ ಬದಲಿಸಿ, ಇಲ್ಲವೇ ಪ್ರಶ್ನೆ ಮಾಡಿ. ಮೂರನೆಯದು ನಾಳೆ ನಿಜವಾಗಿ ಆಡಬಹುದಾದ ಮಾತು, ಮನೆ ಓನರ್‌ಗೋ ಆಫೀಸಿನ ಮೇಲ್‌ನಲ್ಲೋ. ‘ಹಿ ಈಸ್ ರಿಲಕ್ಟಂಟ್’ ಎಂದಷ್ಟೇ ಬರೆದರೆ ಆ ವಾಕ್ಯ ದಂಡ. ಅಲ್ಲಿ ‘ಹ್ಯಾಪಿ’ ಹಾಕಿದರೂ ನಡೆಯುತ್ತದೆ, ‘ಟಾಲ್’ ಹಾಕಿದರೂ ನಡೆಯುತ್ತದೆ. ಬೇರೆ ಪದವನ್ನು ಒಳಗೆ ಬಿಡದಷ್ಟು ಬಿಗಿಯಾಗಿದ್ದರೆ ಮಾತ್ರ ಅದು ಪದವನ್ನು ಹಿಡಿದಿಡುತ್ತದೆ.

ನಮ್ಮವರ ತಪ್ಪುಗಳಲ್ಲಿ ಹಲವು ಕನ್ನಡದ ವಿಭಕ್ತಿಯಿಂದ ಬರುವಂಥವು. ‘ಬಗ್ಗೆ ಚರ್ಚಿಸಿದೆವು’ ಎನ್ನುವ ರೂಢಿಗೆ ‘ಡಿಸ್ಕಸ್ಡ್ ಅಬೌಟ್’ ಬಂದುಬಿಡುತ್ತದೆ. ಅಲ್ಲಿ ‘ಅಬೌಟ್’ ಬೇಡ. ‘ಮೈಸೂರಿಗೆ ತಲುಪಿದೆ’ಯಲ್ಲಿರುವ ‘ಗೆ’ ‘ರೀಚ್ಡ್ ಟು ಮೈಸೂರು’ ಆಗುತ್ತದೆ, ‘ಟು’ ತೆಗೆಯಿರಿ. ತಮಾಷೆಯೆಂದರೆ ‘ನನಗೆ ವಿವರಿಸು’ ಎನ್ನುವಲ್ಲಿ ಅದೇ ‘ಗೆ’ ಬೇಕೇ ಬೇಕು: ‘ಎಕ್ಸ್‌ಪ್ಲೇನ್ ಇಟ್ ಟು ಮಿ’. ‘ಐದು ವರ್ಷದಿಂದ’, ‘2019ರಿಂದ’ ಎರಡಕ್ಕೂ ನಮಗೆ ‘ಇಂದ’ ಒಂದೇ ಸಾಕು. ಇಂಗ್ಲಿಷಿನಲ್ಲಿ ಅವಧಿಗೆ ‘ಫಾರ್ ಫೈವ್ ಇಯರ್ಸ್’, ಶುರುವಾದ ಹೊತ್ತಿಗೆ ‘ಸಿನ್ಸ್ 2019’. ಕ್ರಿಯಾಪದವೂ ‘ಆ್ಯಮ್ ಲಿವಿಂಗ್’ ಅಲ್ಲ, ‘ಹ್ಯಾವ್ ಲಿವ್ಡ್’ ಅಥವಾ ‘ಹ್ಯಾವ್ ಬೀನ್ ಲಿವಿಂಗ್’. ಇದಕ್ಕೆ ನಿಯಮ ಬಾಯಿಪಾಠ ಮಾಡುವುದಕ್ಕಿಂತ ಕ್ರಿಯಾಪದದ ಕಾರ್ಡಿನಲ್ಲಿ ಆ ಚಿಕ್ಕ ಪದವನ್ನು ಕೆಂಪು ಶಾಯಿಯಲ್ಲಿ ಬರೆಯುವುದು ಮೇಲು. ಏನೂ ಬೇಡದ ಕಡೆ ಕೆಂಪು ಅಡ್ಡಗೆರೆ.

ಜೋಡಿ ಪದಗಳನ್ನು ಒಂದೇ ದಿನ ಮುಟ್ಟಬೇಡಿ. ‘ಲೆಂಡ್’, ‘ಬಾರೋ’ ಎರಡಕ್ಕೂ ನಮ್ಮಲ್ಲಿ ಕಡವೇ. ಕೊಡುವುದು, ತಗೊಳ್ಳುವುದು ಅಷ್ಟೇ ವ್ಯತ್ಯಾಸ. ಜೊತೆಗೆ ಕಲಿತರೆ ಯಾವುದು ಯಾವುದೆಂಬ ಗೊಂದಲ ವರ್ಷಗಟ್ಟಲೆ ಬಿಡುವುದಿಲ್ಲ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಪುನರಾವರ್ತನೆಗೆ ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಪೆಟ್ಟಿಗೆ ಪದ್ಧತಿ ಇಂದಿಗೂ ಚೆನ್ನ. ಐದು ಖಾನೆಯ ರಟ್ಟಿನ ಪೆಟ್ಟಿಗೆ ಸಾಕು. ನಾನು ಖಾನೆಗಳನ್ನು ಕ್ರಮವಾಗಿ ದಿನಾ, ಮೂರು ದಿನಕ್ಕೆ, ವಾರಕ್ಕೆ, ಹದಿನೈದು ದಿನಕ್ಕೆ, ತಿಂಗಳಿಗೆ ಒಮ್ಮೆ ತೆರೆಯುತ್ತೇನೆ. ಸರಿ ಹೇಳಿದ ಕಾರ್ಡ್ ಮುಂದಿನ ಖಾನೆಗೆ, ತಪ್ಪಿದ್ದು ಎಲ್ಲೇ ಇರಲಿ ಮೊದಲನೆಯದಕ್ಕೆ. ಉತ್ತರವನ್ನು ಮನಸ್ಸಿನಲ್ಲಿ ಅಂದುಕೊಂಡರೆ ಲೆಕ್ಕಕ್ಕಿಲ್ಲ. ಇಡೀ ವಾಕ್ಯ ಬಾಯಿಬಿಟ್ಟು ಹೇಳಿಯೇ ಕಾರ್ಡ್ ತಿರುಗಿಸಬೇಕು. ಮೊಬೈಲಿನಲ್ಲಿ ಬೇಕೆಂದರೆ ‘ಆಂಕಿ’ ಆ್ಯಪ್ ಇಂಥದೇ ಲೆಕ್ಕವನ್ನು ತಾನೇ ಇಡುತ್ತದೆ, ಆದರೆ ಬೇರೆಯವರು ಮಾಡಿಟ್ಟ ಸಾವಿರ ಕಾರ್ಡಿನ ಕಟ್ಟು ಇಳಿಸಿಕೊಳ್ಳುವುದು ವ್ಯರ್ಥ. ಅದರಲ್ಲಿ ನಿಮ್ಮ ವಾಕ್ಯಗಳಿರುವುದಿಲ್ಲ.

ಯಾವುದಾದರೂ ಕಾರ್ಡ್ ಐದು ಸಲ ಮೊದಲ ಖಾನೆಗೆ ವಾಪಸ್ ಬಂದರೆ ದೋಷ ನೆನಪಿನದಲ್ಲ, ವಾಕ್ಯದ್ದು. ಆ ಕಾರ್ಡ್ ಹರಿದುಹಾಕಿ, ಬೇರೆ ಸಂದರ್ಭದ ವಾಕ್ಯದಲ್ಲಿ ಹೊಸದು ಬರೆಯಿರಿ. ಅದೂ ನಿಲ್ಲದಿದ್ದರೆ ಸದ್ಯಕ್ಕೆ ಆ ಪದವನ್ನು ಕೈಬಿಡಿ; ಬೇಕಾದ ಪದವಾದರೆ ಓದಿನಲ್ಲಿ ಮತ್ತೆ ಎದುರಾಗುತ್ತದೆ.