ಶರಾಕು ಬಿಡಿಸಿದ ಕಬುಕಿ ನಟನ ಮುಖ ಪೋಸ್ಟರ್ ಕಲರಲ್ಲಿ ಕಾಪಿ ಮಾಡೋದು ಹೆಂಗೆ

ಜಪಾನಿನ ಮರದಚ್ಚಿನ ಚಿತ್ರ ಕಾಪಿ ಮಾಡೋಕೆ ಹೊರಟೋರು ಮೊದಲು ಶೇಡಿಂಗ್ ಅನ್ನೋದನ್ನ ಮರ್ತುಬಿಡಿ. ಜಗನ್ಮೋಹನ ಅರಮನೇಲಿ ಹಲ್ದಂಕರ್ ಅವ್ರ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿರ್ತೀರಲ್ಲ, ಅಲ್ಲಿ ಬೆಳಕು ನೆರಳೇ ಎಲ್ಲಾ, ಇಲ್ಲಿ ಅದು ಇಲ್ವೇ ಇಲ್ಲ, ಗೆರೆ ಮತ್ತೆ ಸಪಾಟು ಬಣ್ಣ ಅಷ್ಟೇ. ಮೈಸೂರು ಶೈಲಿ ಕಲಿತು ರೇಖೆ ಕೈಗೆ ಹತ್ತಿರೋರಿಗೆ ಇದು ಬೇಗ ಒಲಿಯುತ್ತೆ.

ಶುರು ಮಾಡೋಕೆ ನಾನು ಹೇಳೋದು ಜಪಾನಿನ ಕಲಾವಿದ ಶರಾಕು 1794ರಲ್ಲಿ ಮಾಡಿದ, ಮೂರನೇ ಓತಾನಿ ಓನಿಜಿ (ಆ ಹೆಸರಿನ ಮೂರನೆಯವನು) ಅನ್ನೋ ನಟನ ಚಿತ್ರ. ಎದೆ ಮುಂದೆ ಎರಡೂ ಕೈ ಬೆರಳು ಅಗಲಿಸ್ಕೊಂಡು ಹುಬ್ಬೇರಿಸಿ ನಿಂತಿರೋ ಕಬುಕಿ (ಜಪಾನಿನ ಹಳೇ ಶೈಲಿಯ ನಾಟಕ) ನಟ, ಮಂಡ್ಯ ಕಡೆ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನ ಎಂಟ್ರಿ ಕೊಟ್ಟು ಒಂದು ನೋಟ ಬಿಡ್ತಾನಲ್ಲ, ಹಂಗೆ. ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ ವೆಬ್‌ಸೈಟಲ್ಲಿ ದೊಡ್ಡ ಫೋಟೊ ಫ್ರೀಯಾಗೇ ಸಿಗುತ್ತೆ. ಒರಿಜಿನಲ್ ಸುಮಾರು 39 ಸೆಂ.ಮೀ. ಉದ್ದ 26 ಸೆಂ.ಮೀ. ಅಗಲ, ಅಂದ್ರೆ ಎ3 ಶೀಟಲ್ಲಿ ಆರಾಮಾಗಿ ಕೂರುತ್ತೆ.

ಪೇಪರ್ 300 ಜಿಎಸ್ಎಮ್ ಇರಲಿ. ಅದಕ್ಕೆ ತೆಳು ಟೀ ಡಿಕಾಕ್ಷನ್ ಒಂದು ಕೋಟ್ ಬಳಿದು ಒಣಗಿಸಿ, ಯಾಕಂದ್ರೆ ಮುಖಕ್ಕೆ ನಾವು ಬಣ್ಣ ಹಾಕಲ್ಲ, ಪೇಪರ್ ಬಣ್ಣವೇ ಮುಖದ ಬಣ್ಣ. ಆಮೇಲೆ ಪ್ರಿಂಟೌಟ್ ಹಿಂದೆ 6ಬಿ ಪೆನ್ಸಿಲ್ ಉಜ್ಜಿ, ಮೇಲಿಂದ ಇಂಕ್ ಖಾಲಿಯಾದ ಬಾಲ್‌ಪೆನ್ನಲ್ಲಿ ಟ್ರೇಸ್ ಮಾಡ್ಕೊಳ್ಳಿ. ಕೈಗಳು ಮೈಗೆ ಹೋಲಿಸಿದ್ರೆ ತೀರಾ ಚಿಕ್ಕವಾಗಿ ಕಾಣ್ತವೆ, ಸರಿ ಮಾಡೋಕೆ ಹೋಗ್ಬೇಡಿ ಮತ್ತೆ, ಆ ಚಿತ್ರದ ಮಜಾನೇ ಅದು.

ಬಣ್ಣದ ವಿಷ್ಯ. ಜಪಾನಿನ ಅಚ್ಚಿನೋರು ಗೆರೆಗೆ ಒಂದು ಹಲಗೆ, ಬಣ್ಣಗಳಿಗೆ ಬೇರೆ ಬೇರೆ ಹಲಗೆ ಕೆತ್ತಿ ಒಂದಾದ ಮೇಲೊಂದು ಒತ್ತೋರು. ನಾವೂ ಹಂಗೇ, ಒಂದು ಬಣ್ಣ ಕಲಸಿದ್ರೆ ಅದು ಎಲ್ಲೆಲ್ಲಿ ಬರುತ್ತೋ ಅಲ್ಲೆಲ್ಲಾ ಒಂದೇ ಸಲ ತುಂಬಿ ಮುಗಿಸ್ಬೇಕು, ಖಾಲಿಯಾಗಿ ಮತ್ತೆ ಕಲಸಿದ್ರೆ ಆ ಶೇಡ್ ಜನ್ಮದಲ್ಲಿ ಬರಲ್ಲ, ಅದಕ್ಕೇ ಜಾಸ್ತಿನೇ ಕಲಸಿಡಿ. ಬ್ರಷ್ ಎಳೆದ ಗುರುತು ಕಾಣಬಾರ್ದು, ಗೆರೆ ಬರೋ ಜಾಗ ಕೂದಲೆಳೆಯಷ್ಟು ಬಿಟ್ಟು ತುಂಬಿ. ಟ್ಯೂಬಿಂದ ಬಂದ ಕೆಂಪು ಹಂಗೇ ಹಾಕಿದ್ರೆ ಕಣ್ಣಿಗೆ ಹೊಡೆಯುತ್ತೆ, ಚೂರು ಬರ್ನ್ಟ್ ಅಂಬರ್ ಸೇರಿಸಿ. ಪ್ರಶ್ಯನ್ ಬ್ಲೂ ಮಾತ್ರ ಬೇಡವೇ ಬೇಡ, ಜಪಾನಿನ ಪ್ರಿಂಟುಗಳಲ್ಲಿ ಅದು ಜೋರಾಗಿದ್ದು 1830ರ ಸುಮಾರಿಗೆ, ಹೊಕುಸಾಯ್ ಅನ್ನೋ ಕಲಾವಿದನ ಕಾಲಕ್ಕೆ.

ಹಿಂದಿನ ಕಪ್ಪು ಬೂದು ಮಿನುಗು ಇದೆಯಲ್ಲ, ಅದು ಅಭ್ರಕ, ನಮ್ಮ ಕಡೆ ಕಾಗೆ ಬಂಗಾರ ಅಂತೀವಲ್ಲ ಅದೇ. ಕಪ್ಪುಬೂದು ಎರಡು ಕೋಟ್ ಕೊಟ್ಟು, ಪೂರ್ತಿ ಒಣಗಿದ ಮೇಲೆ ಅದರ ನುಣ್ಣನೆ ಪುಡೀನ ತೆಳು ಗೋಂದಿನ ನೀರಲ್ಲಿ ಕಲಸಿ ಅಗಲ ಬ್ರಷ್ಷಲ್ಲಿ ಒಂದೇ ದಿಕ್ಕಿಗೆ ಬಳೀರಿ. ಸಿಗ್ಲಿಲ್ವಾ, ಕ್ರಾಫ್ಟ್ ಅಂಗಡಿಯ ಪರ್ಲ್ ಪೌಡರ್ ನಡೆಯುತ್ತೆ. ಗ್ಲಿಟರ್ ಬೇಡ, ಗ್ರೀಟಿಂಗ್ ಕಾರ್ಡ್ ಥರ ಆಗೋಗುತ್ತೆ.

ಅಚ್ಚಲ್ಲಿ ಗೆರೆ ಮೊದಲು, ನಮಗೆ ಕೊನೆಗೆ, ಯಾಕಂದ್ರೆ ಪೋಸ್ಟರ್ ಕಲರ್ ಗೆರೇನ ನುಂಗಿಬಿಡುತ್ತೆ. ಪೆನ್ ಬೇಡ, ಗೆರೆ ಎಲ್ಲಾ ಕಡೆ ಒಂದೇ ದಪ್ಪ ಬರುತ್ತೆ. ಒಂದನೇ ನಂಬರ್ ರೌಂಡ್ ಬ್ರಷ್, ವಾಟರ್‌ಪ್ರೂಫ್ ಕಪ್ಪು ಇಂಕ್, ಬ್ರಷ್ ನೆಟ್ಟಗೆ ಹಿಡಿದು ಉಸಿರು ಬಿಗಿಹಿಡಿದು ಮೊಣಕೈಯಿಂದ ಎಳೀರಿ. ರದ್ದಿ ಪೇಪರ್ ಮೇಲೆ ದವಡೆ ಗೆರೆ ಒಂದನ್ನೇ ಸಾಕಾಗೋವಷ್ಟು ಎಳೆದು ಆಮೇಲೆ ಇದಕ್ಕೆ ಕೈ ಹಾಕಿ. ಕಣ್ಣು ಕಟ್ಟಕಡೇಗೆ, ಗುಡ್ಡೆ ಪುಟ್ಟದು, ಮೂಗಿನ ಕಡೆ ವಾಲಿರುತ್ತೆ, ದೊಡ್ಡದಾದ್ರೆ ಕಾರ್ಟೂನ್.

ಶರಾಕು ಸಹಿ, ಪಬ್ಲಿಷರ್ ತ್ಸುತಾಯಾ ಜುಜಾಬುರೊ ಮುದ್ರೆ ಅಭ್ಯಾಸಕ್ಕೆ ಬರ್ಕೊಳ್ಳಿ, ಆದ್ರೆ ಹಿಂದುಗಡೆ ಕಾಪಿ ಅಂತ ನಿಮ್ಮ ಹೆಸ್ರು ಹಾಕಿ. ಫ್ರೇಮ್ ಹಾಕ್ಸೋವಾಗ ಸುತ್ತ ಮೌಂಟ್ ಬೋರ್ಡ್ ಇಡೋಕೆ ಹೇಳಿ, ಇಲ್ಲಾಂದ್ರೆ ಮಳೆಗಾಲದಲ್ಲಿ ಬಣ್ಣ ಗ್ಲಾಸಿಗೆ ಅಂಟ್ಕೊಳ್ಳುತ್ತೆ.