ಅಡಿಕೆ ತೋಟದ ನೀರಿನಲ್ಲಿ ತಾಮ್ರ: ರೋಡಮಿನ್ ಹೈಡ್ರಜೈಡ್ ಪರೀಕ್ಷೆ ಮಾಡುವ ಕ್ರಮ

ಕಾರ್ಕಳ, ಹೆಬ್ರಿ ಕಡೆ ಕೊಳೆರೋಗಕ್ಕೆ ಮದ್ದು ಬಿಟ್ಟ ಮೇಲೆ ಮೈಲುತುತ್ತಿನ ತಾಮ್ರ ತೋಡಿಗೆ, ಬಾವಿಗೆ ಇಳಿದಿದೆಯೇ ಎಂದು ಕಾಲೇಜು ಲ್ಯಾಬಿನಲ್ಲೇ ನೋಡಬಹುದು. ರೋಡಮಿನ್ ಬಿ ಎಂಬ ಬಣ್ಣದಿಂದ ಮಾಡುವ ರೋಡಮಿನ್ ಬಿ ಹೈಡ್ರಜೈಡ್‌ಗೆ ಬಣ್ಣವೂ ಇಲ್ಲ, ಹೊಳಪೂ ಇಲ್ಲ. ತಾಮ್ರ ಸಿಕ್ಕರೆ ಅದರ ಅಣುವಿನೊಳಗಿನ ಉಂಗುರ ಬಿಚ್ಚಿ, ಗುಲಾಬಿ ಬಣ್ಣ ಬಂದು ಕಿತ್ತಳೆ ಬೆಳಕು ಸೂಸುತ್ತದೆ. ತೊಡಕೆಂದರೆ ಆಮ್ಲಕ್ಕೂ ಆ ಉಂಗುರ ಬಿಚ್ಚುತ್ತದೆ, ನಮ್ಮ ಮುರಕಲ್ಲಿನ ಬಾವಿಗಳ ನೀರು ಹೆಚ್ಚಾಗಿ ಆಮ್ಲೀಯ. ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಹಾಕದೆ ಕಂಡ ಗುಲಾಬಿಯನ್ನು ನಂಬಬೇಡಿ.

ತಯಾರಿ: 1.2 ಗ್ರಾಂ ರೋಡಮಿನ್ ಬಿ, 30 ಮಿಲಿ ಎಥನಾಲ್, 3 ಮಿಲಿ ಹೈಡ್ರಜಿನ್ ಹೈಡ್ರೇಟ್. 2 ಗಂಟೆ ರಿಫ್ಲಕ್ಸ್ (ಆವಿ ತಣಿದು ಮರಳಿ ಬೀಳುವಂತೆ ಕುದಿಸುವುದು). ಹೈಡ್ರಜಿನ್ ವಿಷ, ಫ್ಯೂಮ್ ಹುಡ್ ಇಲ್ಲದಿದ್ದರೆ ಕೈ ಹಾಕಲೇಬೇಡಿ. ಕಡು ನೇರಳೆ ತಿಳಿ ಕಿತ್ತಳೆಯಾದ ಮೇಲೆ ಎಥನಾಲ್ ಆವಿ ಮಾಡಿ, 50 ಮಿಲಿ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ. 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ನಿಧಾನ ಸೇರಿಸುತ್ತಾ ಪಿಎಚ್ 9–10ಕ್ಕೆ ತಂದರೆ ಗಸಿ ಇಳಿಯುತ್ತದೆ. ಸೋಸಿ, ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ತೊಳೆತದಲ್ಲಿ ಜುಗ್ಗತನ ಮಾಡಿದರೆ ಉಳಿದ ರೋಡಮಿನ್ ತಾಮ್ರವಿಲ್ಲದ ನೀರನ್ನೂ ಗುಲಾಬಿ ಮಾಡುತ್ತದೆ. 4.6 ಮಿಗ್ರಾಂ ಪುಡಿಯನ್ನು 10 ಮಿಲಿ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿದರೆ 1 ಮಿಲಿಮೋಲಾರ್ ಸ್ಟಾಕ್.

ಪರೀಕ್ಷೆ: ನೀರನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಪ್ರತಿ ಟ್ಯೂಬಿಗೆ 4.4 ಮಿಲಿ ನೀರು, 0.5 ಮಿಲಿ ಹೆಪೆಸ್ ಬಫರ್ (100 ಮಿಲಿಮೋಲಾರ್, ಪಿಎಚ್ 7). ಫಾಸ್ಫೇಟ್ ಬಫರ್ ಬೇಡ, ತಾಮ್ರವನ್ನು ಹಿಡಿದುಕೊಳ್ಳುತ್ತದೆ. ನಾಲ್ಕು ಟ್ಯೂಬು ಬೇಕು: ಒಂದನೆಯದು ಡಿಸ್ಟಿಲ್ಡ್ ನೀರು, ಎರಡನೆಯದು ಸ್ಯಾಂಪಲ್, ಮೂರನೆಯದು ಸ್ಯಾಂಪಲ್‌ಗೆ 50 ಮೈಕ್ರೋಲೀಟರ್ 0.1 ಮೋಲಾರ್ ಇಡಿಟಿಎ (ಲೋಹವನ್ನು ಕಟ್ಟಿಹಾಕುವ ರಾಸಾಯನಿಕ), ನಾಲ್ಕನೆಯದು ಸ್ಯಾಂಪಲ್‌ಗೆ ಲೀಟರಿಗೆ 10 ಮಿಗ್ರಾಂ ತಾಮ್ರವಿರುವ ದ್ರಾವಣ 50 ಮೈಕ್ರೋಲೀಟರ್. ಮೊದಲೆರಡಕ್ಕೆ ಅಷ್ಟೇ ಡಿಸ್ಟಿಲ್ಡ್ ನೀರು ಸೇರಿಸಿ. ಇಡಿಟಿಎಯನ್ನು ಮೊದಲೇ ಪಿಎಚ್ 7ಕ್ಕೆ ತಂದಿರಿ, ಇಲ್ಲವಾದರೆ ಅದೇ ಆಮ್ಲ ಕೊಡುತ್ತದೆ. ಕೊನೆಗೆ ಎಲ್ಲದಕ್ಕೂ 50 ಮೈಕ್ರೋಲೀಟರ್ ಸ್ಟಾಕ್. ಕ್ರಿಯೆ ಒಮ್ಮೆ ನಡೆದರೆ ಹಿಂದಕ್ಕೆ ಬಾರದು. ಇಡಿಟಿಎ ಆಮೇಲೆ ಹಾಕಿ ಪ್ರಯೋಜನವಿಲ್ಲ.

ಎಲ್ಲ ಟ್ಯೂಬುಗಳನ್ನೂ 30 ನಿಮಿಷಕ್ಕೇ ಫ್ಲೋರಿಮೀಟರಿನಲ್ಲಿ (ಸೂಸುವ ಬೆಳಕು ಅಳೆಯುವ ಉಪಕರಣ) ಓದಿ: ಪ್ರಚೋದನೆ 520, ಹೊರಸೂಸುವಿಕೆ 580 ನ್ಯಾನೋಮೀಟರ್ ಸುಮಾರು. ಎರಡನೆಯದು ಗುಲಾಬಿ, ಮೂರನೆಯದು ತಿಳಿಯಾಗಿದ್ದರೆ ಲೋಹವಿದೆ; ಪಾದರಸವೂ ಹೀಗೆ ಕಾಣಬಹುದು, ಹಾಗಾಗಿ ತಾಮ್ರವೆಂದು ಷರಾ ಬರೆಯುವ ಮೊದಲು ಎಎಎಸ್‌ನಲ್ಲಿ (ಲೋಹ ಗುರುತಿಸಿ ಅಳೆಯುವ ಪರಮಾಣು ಹೀರಿಕೆ ಉಪಕರಣ) ಖಚಿತಪಡಿಸಿ. ಎರಡೂ ಗುಲಾಬಿಯಾದರೆ ದೋಷ ಆಮ್ಲದ್ದು ಅಥವಾ ತೊಳೆತದ್ದು. ನಾಲ್ಕನೆಯದೂ ಹೊಳೆಯದಿದ್ದರೆ ಕೊಳೆತ ಎಲೆಯ ಹ್ಯೂಮಿಕ್ ಅಂಶ ತಾಮ್ರವನ್ನು ಕಟ್ಟಿಹಾಕಿರಬಹುದು. ಆಗ ‘ತಾಮ್ರ ಇಲ್ಲ’ ಎನ್ನಲಾಗದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ತಾಮ್ರಕ್ಕೆ ಹೇಳುವ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5.

ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ (ಮೈಲುತುತ್ತು, ಸುಣ್ಣದ ಮಿಶ್ರಣ) ತಾಮ್ರ ಬಹುಪಾಲು ಕರಗದ ಕಣವಾಗಿರುವುದರಿಂದ ಫಿಲ್ಟರಿನಲ್ಲೇ ಉಳಿಯುತ್ತದೆ. ಒಟ್ಟು ತಾಮ್ರ ಬೇಕಾದರೆ ಸೋಸದ ನೀರನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿ, ಪಿಎಚ್ 7ಕ್ಕೆ ತಂದ ಕೂಡಲೇ ಪರೀಕ್ಷಿಸಿ.